ಅಳತೆ ಪುಸ್ತಕ ಹೈಕೋರ್ಟಿಗೂ ಹೋಗುತ್ತದೆ

ಕಾಮಗಾರಿಯಲ್ಲಿ ಮೋಸ ಮಾಡಿದ ಎಂಜಿನಿಯರ್‌ಗೋ ಬಿಲ್ಡರ್‌ಗೋ ಜೈಲು ಶಿಕ್ಷೆಯಾದರೆ ಪತ್ರಿಕೆಯಲ್ಲಿ ದೊಡ್ಡ ಸುದ್ದಿ. ತಿಂಗಳೆರಡು ತಿಂಗಳಲ್ಲಿ ಒಳಪುಟದಲ್ಲಿ ಇನ್ನೊಂದು ಸಣ್ಣ ಸುದ್ದಿ ಬರುತ್ತದೆ: ‘ಮೇಲ್ಮನವಿ ಸಲ್ಲಿಕೆ, ಶಿಕ್ಷೆ ಅಮಾನತು’. ಅದನ್ನು ಓದಿದ ನಮ್ಮ ವಯಸ್ಸಿನವರ ಪ್ರತಿಕ್ರಿಯೆ ಹೆಚ್ಚುಕಡಿಮೆ ಒಂದೇ: ‘ದುಡ್ಡಿದ್ದೋರಿಗೆ ಎಲ್ಲಾ ನಡೆಯುತ್ತೆ ಬಿಡಪ್ಪ.’

ನನ್ನ ಊರು ಭದ್ರಾವತಿ. ಅಪ್ಪ ಗಾರೆ ಮೇಸ್ತ್ರಿ, ನಾನು ಶಿವಮೊಗ್ಗದಲ್ಲಿ ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ನಾನೂ ಹಾಗೇ ಅನ್ನುತ್ತಿದ್ದೆ. ಶಿವಮೊಗ್ಗದ ಕೋರ್ಟಿನಲ್ಲಿ ವಕೀಲಿಕೆ ಮಾಡುವ ದೊಡ್ಡಪ್ಪನ ಮಗಳು ಒಮ್ಮೆ ಕೇಳಿದಳು: ‘ಶಿಕ್ಷೆ ಅಮಾನತು ಅಂದ್ರೆ ಖುಲಾಸೆ ಅಂತ ನಿಂಗೆ ಯಾರೋ ಹೇಳಿದ್ದು?’ ಅಲ್ಲಿಂದ ಶುರುವಾಯಿತು ನನ್ನ ಓದು.

ಶಿಕ್ಷೆ ಅಮಾನತಾದರೂ ಅಪರಾಧಿ ಎಂಬ ತೀರ್ಪು ಹಾಗೇ ಇರುತ್ತದೆ. ಮೇಲ್ಮನವಿ ಮುಗಿಯುವವರೆಗೆ ಜೈಲಿನಿಂದ ಹೊರಗಿರಲು ಅವಕಾಶ, ಅಷ್ಟೆ. ಜಾಮೀನಿನ ಮೇಲಿದ್ದವನಿಗೆ ಮೂರು ವರ್ಷದೊಳಗಿನ ಶಿಕ್ಷೆಯಾದರೆ, ಮೇಲ್ಮನವಿ ಹಾಕಿಕೊಳ್ಳುವಷ್ಟು ದಿನದ ಜಾಮೀನನ್ನು ಶಿಕ್ಷೆ ಕೊಟ್ಟ ಕೋರ್ಟೇ ನೀಡುತ್ತದೆ. ಇಂತಿಷ್ಟೇ ವರ್ಷ ಎಂದು ಶಿಕ್ಷೆಯಾದವರ ಅಮಾನತು ಅರ್ಜಿಯನ್ನು, ವಿಶೇಷ ಕಾರಣವಿಲ್ಲದಿದ್ದರೆ, ಉದಾರವಾಗಿ ನೋಡಬೇಕು ಎಂದು 1999ರಲ್ಲಿ ಭಗವಾನ್ ರಾಮ ಶಿಂಧೆ ಗೋಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾರಣ ಸರಳ. ಮೇಲ್ಮನವಿ ಇತ್ಯರ್ಥವಾಗುವಷ್ಟರಲ್ಲಿ ಶಿಕ್ಷೆಯೇ ಮುಗಿದುಹೋಗಿ, ಆಮೇಲೆ ನಿರಪರಾಧಿ ಎಂದು ತೀರ್ಪು ಬಂದರೆ ಆ ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ?

ದಾರಿಯೂ ಗೊತ್ತಿರಲಿ. ಭದ್ರಾವತಿಯ ಮ್ಯಾಜಿಸ್ಟ್ರೇಟ್ ಕೋರ್ಟು ವಂಚನೆ ಪ್ರಕರಣದಲ್ಲಿ ಶಿಕ್ಷೆ ಕೊಟ್ಟರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಹೋಗಬೇಕು. ಲೋಕಾಯುಕ್ತ ಪೊಲೀಸರ ಭ್ರಷ್ಟಾಚಾರ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ಕೊಟ್ಟರೆ 60 ದಿನದೊಳಗೆ ಬೆಂಗಳೂರಿನ ಹೈಕೋರ್ಟಿಗೆ. ಶಿಕ್ಷೆಯಾದವನು ಮಾತ್ರ ಮೇಲ್ಮನವಿ ಹಾಕಿದ್ದರೆ ಅದರಲ್ಲಿ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ. ಹೆಚ್ಚಿಸಬೇಕೆಂದರೆ ಸರ್ಕಾರ ಪ್ರತ್ಯೇಕವಾಗಿ ಮೇಲ್ಮನವಿ ಸಲ್ಲಿಸಬೇಕು.

ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದೇ ಸಂಗತಿ. ಮೇಲ್ಮನವಿ ಕೋರ್ಟು ಸಾಮಾನ್ಯವಾಗಿ ಸಾಕ್ಷಿಗಳನ್ನು ಮತ್ತೆ ಕರೆಸುವುದಿಲ್ಲ. ಅದು ಕಡತ ಓದುತ್ತದೆ. ಸಾಕ್ಷಿಗಳು ಕೆಳಗಿನ ಕೋರ್ಟಿನಲ್ಲಿ ಹೇಳಿದ್ದು, ಅಂದಾಜು ಪಟ್ಟಿ, ನಾವು ‘ಎಂ.ಬಿ.’ ಎಂದು ಕರೆಯುವ ಅಳತೆ ಪುಸ್ತಕ, ಬಿಲ್ಲು, ಪರೀಕ್ಷಾ ವರದಿ. ಹತ್ತು ವರ್ಷದ ಹಿಂದೆ ಯಾವನೋ ಜೂನಿಯರ್ ಎಂಜಿನಿಯರ್ ಬಿಸಿಲಲ್ಲಿ ನಿಂತು ಬರೆದ ಒಂದು ಸಾಲನ್ನು ನ್ಯಾಯಮೂರ್ತಿಗಳು ಮತ್ತೆ ಮತ್ತೆ ಓದುತ್ತಾರೆ.

ಸಿ. ಚೆಂಗಾರೆಡ್ಡಿ ಪ್ರಕರಣವನ್ನೇ ನೋಡಿ. ನೆರೆಯ ಆಂಧ್ರಪ್ರದೇಶದ ನೀರಾವರಿ ಇಲಾಖೆಯ ಎಂಜಿನಿಯರುಗಳು, ಗುತ್ತಿಗೆದಾರರು ಆರೋಪಿಗಳು. ಗಿಡಗಂಟಿ ತೆರವು ಕೆಲಸವನ್ನು ಟೆಂಡರ್ ಕರೆಯದೆ ತಮಗೆ ಬೇಕಾದವರಿಗೆ ಕೊಟ್ಟು ಸರ್ಕಾರಕ್ಕೆ ವಂಚಿಸಿದರು ಎಂಬ ಆರೋಪ. ಕೆಳಗೆ ಶಿಕ್ಷೆಯಾಗಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಿಯಮ ಉಲ್ಲಂಘನೆ ಆಗಿದೆ, ಅನುಮಾನಕ್ಕೂ ಎಡೆಯಿದೆ. ಆದರೆ ಅಷ್ಟರಿಂದಲೇ ಒಳಸಂಚು, ವಂಚನೆ ಸಾಬೀತಾಗುವುದಿಲ್ಲ, ಸಾಂದರ್ಭಿಕ ಸಾಕ್ಷ್ಯದ ಸರಪಳಿ ಎಲ್ಲೂ ಕಡಿಯದೆ ಪೂರ್ತಿಯಾಗಿರಬೇಕು ಎಂಬುದು ತೀರ್ಪಿನ ಸಾರ.

ಮೊದಲ ಸಲ ಓದಿದಾಗ ಸಿಟ್ಟು ಬಂತು. ಆಮೇಲೆ ನಮ್ಮ ಮಲೆನಾಡಿನ ಮಳೆಗಾಲ ನೆನಪಾಯಿತು. ಆಷಾಢದ ಮಳೆಗೆ ಮೋರಿ ಕೊಚ್ಚಿಹೋಗಿ ಊರಿನ ಸಂಪರ್ಕವೇ ಕಡಿದುಹೋದರೆ, ಟೆಂಡರ್ ಮುಗಿಯಲಿ ಎಂದು ಎಂಜಿನಿಯರ್ ಕಾಯುತ್ತಾ ಕೂರಲು ಆಗುತ್ತದೆಯೇ? ಬಾಯಿಮಾತಿನಲ್ಲೇ ಜೆಸಿಬಿ ಕರೆಸುತ್ತಾನೆ. ಕಾಗದ ಆಮೇಲೆ. ಅದು ಇಲಾಖೆ ವಿವರಣೆ ಕೇಳಬೇಕಾದ ಲೋಪವಿರಬಹುದು, ಮೋಸವಲ್ಲ. ಅವನಿಗೂ ಕಳ್ಳಬಿಲ್ ಬರೆದವನಿಗೂ ಇರುವ ಗೆರೆಯನ್ನು ಮೇಲ್ಮನವಿ ಕೋರ್ಟು ಕಾಯಬೇಕು.

ಮನೆ, ನಿವೇಶನದ ಪ್ರಕರಣಗಳಲ್ಲೂ ಇಂಥದೇ ಗೆರೆಯಿದೆ. ಕೊಟ್ಟ ಮಾತಿಗೆ ತಪ್ಪಿದ್ದೆಲ್ಲ ವಂಚನೆಯಲ್ಲ. ಮಾತು ಕೊಡುವಾಗಲೇ ಮೋಸದ ಉದ್ದೇಶ ಇರಬೇಕು ಎಂದು ಜಮೀನು ಮಾರಾಟದ ವಿವಾದವೊಂದರಲ್ಲಿ, ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ, 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫ್ಲ್ಯಾಟ್ ಕೊಡಲು ತಡವಾದದ್ದೊಂದೇ ಸಾಲದು. ಆದರೆ ಒಂದೇ ಸೈಟನ್ನು ಇಬ್ಬರಿಗೆ ಮಾರಿದ್ದರೆ, ನಕಲಿ ಅನುಮೋದನೆ ಪತ್ರ ತೋರಿಸಿ ಮುಂಗಡ ಪಡೆದಿದ್ದರೆ, ಉದ್ದೇಶ ಕಾಗದದ ಮೇಲೇ ಕಾಣುತ್ತದೆ. ಸೈಟಿಗೆ ಹಣ ಕಟ್ಟುವ ಪ್ರತಿ ಮನೆಯವರೂ ರಸೀದಿ, ಜಾಹೀರಾತು, ನಕ್ಷೆಯನ್ನು ಜೋಪಾನ ಮಾಡಬೇಕಾದ್ದು ಇದಕ್ಕೇ.

ಮೇಲ್ಮನವಿ ಆರೋಪಿಯೊಬ್ಬನ ಸ್ವತ್ತೂ ಅಲ್ಲ. ಆರೋಪಿ ಖುಲಾಸೆಯಾದರೆ ಸಂತ್ರಸ್ತರೂ ಮೇಲ್ಮನವಿ ಹಾಕಬಹುದು. ಅದಕ್ಕೆ ಪ್ರತ್ಯೇಕ ಅನುಮತಿ ಬೇಡ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟದ್ದು ಕರ್ನಾಟಕದ್ದೇ ಪ್ರಕರಣದಲ್ಲಿ, ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ. ಆದರೆ ಗೆಲ್ಲುವುದು ಸುಲಭವಲ್ಲ. ಖುಲಾಸೆಯಾದವನ ನಿರಪರಾಧಿತ್ವದ ಊಹೆ ಇಮ್ಮಡಿಯಾಗುತ್ತದೆ ಎಂದು 2007ರ ಚಂದ್ರಪ್ಪ ಪ್ರಕರಣದಲ್ಲಿ, ಅದೂ ನಮ್ಮ ರಾಜ್ಯದ್ದೇ, ಹೇಳಲಾಗಿದೆ. ದಾಖಲೆಯಿಂದ ಎರಡು ಅಭಿಪ್ರಾಯಕ್ಕೆ ಬರಲು ಸಾಧ್ಯವಿದ್ದರೆ ಖುಲಾಸೆಯೇ ಉಳಿಯುತ್ತದೆ. ಕೆಟ್ಟ ದಾಖಲೆಯ ಲಾಭ ಕೊನೆಗೆ ಆರೋಪಿಗೇ.

ಇದೆಲ್ಲ ದೂರದ ಮಾತು ಅನ್ನಿಸಿದರೆ ದಕ್ಷಿಣ ಕೊರಿಯಾ ನೋಡಿ. 1995ರ ಜೂನ್ 29ರಂದು ಸೋಲ್ ನಗರದ ಸಾಂಪೂಂಗ್ ಮಳಿಗೆ ಕುಸಿದು 502 ಜನ ಸತ್ತರು. ಮಾಲೀಕನಿಗೆ ಹತ್ತೂವರೆ ವರ್ಷ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ಏಳೂವರೆಗೆ ಇಳಿಯಿತು. ಕಟ್ಟಡದ ವಿಷಯದಲ್ಲಿ ಲಂಚ ಪಡೆದ ಅಧಿಕಾರಿಗಳೂ ಜೈಲು ಸೇರಿದರು. ಕೋರ್ಟು ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅದು ಕಂಬ ಬಿದ್ದ ಮೇಲೆ ಬರುತ್ತದೆ. ಬೀಳುವ ಮುಂಚೆ ಅಲ್ಲಿರುವವರು ನಾವು.

ಕಳೆದ ರಜೆಯಲ್ಲಿ ಒಂದು ಸೈಟಿನಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಸ್ಲ್ಯಾಬ್ ಹಾಕಿ ಹನ್ನೊಂದು ದಿನವಾಗಿತ್ತು. ಕ್ಯೂಬ್ ರಿಜಿಸ್ಟರ್ ತೆರೆದರೆ 28 ದಿನದ ಸಾಮರ್ಥ್ಯ ಆಗಲೇ ಭರ್ತಿಯಾಗಿತ್ತು! ಪಕ್ಕದಲ್ಲಿ ಸಹಿಗೆ ಜಾಗ ಖಾಲಿ. ‘ಇಲ್ಲೊಂದು ಸೈನ್ ಹಾಕಪ್ಪ, ಫಾರ್ಮಾಲಿಟಿ’ ಅಂದರು. ಕ್ಯೂಬ್ ಒಡೆದದ್ದನ್ನು ನಾನು ನೋಡಿಲ್ಲ ಸಾರ್, ಅಂದೆ. ಅವರು ನಕ್ಕು ರಿಜಿಸ್ಟರನ್ನು ನನ್ನ ಜೊತೆಯವನ ಮುಂದಿಟ್ಟರು. ಅವನ ಅಪ್ಪನಿಗೆ ಕೆಲಸ ಹೋಗಿತ್ತು, ಇವನಿಗೆ ಅಲ್ಲೇ ನೌಕರಿ ಸಿಗುವ ಆಸೆಯಿತ್ತು. ಸಹಿ ಹಾಕಿದ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಆದರೆ ಮುಂದೆಂದಾದರೂ ಆ ಕಟ್ಟಡದ ಕಡತ ಕೋರ್ಟಿಗೆ ಹೋದರೆ, ನಕ್ಕವರ ಹೆಸರು ಆ ಸಾಲಿನಲ್ಲಿ ಇರುವುದಿಲ್ಲ. ಅವನ ಹೆಸರಿರುತ್ತದೆ.

ಮೋಸದ ಉದ್ದೇಶದಿಂದ ಲೆಕ್ಕಪತ್ರ ತಿದ್ದಿದ ನೌಕರನಿಗೆ, ಖಾಸಗಿ ಕಂಪನಿಯವನಾದರೂ, ಭಾರತೀಯ ನ್ಯಾಯ ಸಂಹಿತೆಯ 344ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ‘ಮೇಲಿನವರು ಹೇಳಿದರು’ ಎಂದರೆ ಅದಕ್ಕೂ ಪುರಾವೆ ಬೇಕು.

ಮುಂದಿನ ವರ್ಷ ನಮ್ಮಲ್ಲಿ ಅನೇಕರು ತಲೆಗೆ ಹೆಲ್ಮೆಟ್ ಹಾಕಿ ಸೈಟಿಗೆ ಇಳಿಯುತ್ತೇವೆ. ಕೆಲಸ ಬೇಕು, ಸಂಬಳ ಬೇಕು, ಎದುರು ಮಾತಾಡಲು ಧೈರ್ಯ ಸಾಲುವುದಿಲ್ಲ. ಆದರೂ ಇಷ್ಟು ಮಾಡಬಹುದು: ಕಣ್ಣಾರೆ ಕಂಡ ಅಳತೆಗೆ ಮಾತ್ರ ಸಹಿ, ಸಹಿಯ ಕೆಳಗೆ ಅಂದಿನದೇ ತಾರೀಖು, ಬಾಯಿಮಾತಿನ ಆದೇಶ ಬಂದರೆ ‘ತಾವು ಹೇಳಿದಂತೆ’ ಎಂದು ಅಂದೇ ಒಂದು ಮೆಸೇಜು. ಪ್ರಾಮಾಣಿಕನಿಗೆ ಮೇಲ್ಮನವಿಯಲ್ಲಿ ಅದೇ ಆಸರೆ. ಮೋಸ ಮಾಡಿದವನು ತಪ್ಪಿಸಿಕೊಳ್ಳದಂತೆ ತಡೆಯುವುದೂ ಅದೇ.