ಪೆದ್ದರ ರಾಜ್ಯಕ್ಕೆ ಯಾವ ಕನ್ನಡ? ಮಕ್ಕಳ ನಗೆಪುಸ್ತಕ ಮನೆಮಂದಿಯ ಅನಿಮೇಷನ್ ಆಗುವ ಬಗೆ

ನೀತಿ ಹೇಳುವ ಹೊಣೆಯನ್ನೂ ಮಾಹಿತಿ ತುಂಬುವ ಹೊಣೆಯನ್ನೂ ಹೊರದೆ, ನಗಿಸುವುದೊಂದನ್ನೇ ಗುರಿಯಾಗಿಟ್ಟುಕೊಂಡ ಮಕ್ಕಳ ಪುಸ್ತಕಗಳು ಪಂಡಿತರ ಗಮನಕ್ಕೆ ಬೀಳುವುದು ಅಪರೂಪವಾದರೂ, ಮಕ್ಕಳು ಹಾಳೆ ಹರಿಯುವವರೆಗೆ ಓದುವುದು ಅವನ್ನೇ. ಇಂಥ ಪುಸ್ತಕಮಾಲೆಯೊಂದು ಅನಿಮೇಷನ್ ರೂಪ ತಳೆದು, ಮಕ್ಕಳೊಂದಿಗೆ ಅಪ್ಪ, ಅವ್ವ, ಮುತ್ಯಾ ಎಲ್ಲರೂ ಕೂತು ನೋಡಬಹುದಾದ ಹಾಸ್ಯಚಿತ್ರವೋ ಧಾರಾವಾಹಿಯೋ ಆಗುವ ಕೆಲಸ ಹೊರನೋಟಕ್ಕೆ ಸುಲಭವೆಂದು ತೋರುತ್ತದೆ, ಏಕೆಂದರೆ ಕಥೆ, ಪಾತ್ರ, ಚಿತ್ರ ಮೂರೂ ಪುಸ್ತಕದಲ್ಲಿ ಮೊದಲೇ ಸಿದ್ಧವಾಗಿರುತ್ತವೆ. ವಾಸ್ತವದಲ್ಲಿ ಈ ರೂಪಾಂತರ ಮೂರು ಪ್ರಶ್ನೆಗಳಿಗೆ ಉತ್ತರ ಬೇಡುತ್ತದೆ: ಪುಟದ ಮೇಲಿನ ನಗೆಗೆ ಕಾಲದ ಅಳತೆಯನ್ನು ಹೇಗೆ ಕೊಡಬೇಕು, ಪೆದ್ದುತನದ ಸುತ್ತ ಮನಸ್ಸಿಗೆ ತಟ್ಟುವ ಸಂಬಂಧವನ್ನು ಎಲ್ಲಿಂದ ತರಬೇಕು, ಆ ಪಾತ್ರಗಳು ಯಾವ ನುಡಿಯನ್ನು ಆಡಬೇಕು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಿಂದ ನೋಡಿದಾಗ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು.

ಫಲಕ, ಪುಟ, ಚೌಕಟ್ಟು

ಚಿತ್ರಗಳನ್ನು ಸಾಲಾಗಿ ಜೋಡಿಸಿ ಕಥೆ ಹೇಳುವ ಕಲೆ ಈ ಸೀಮೆಗೆ ಹೊಸತಲ್ಲ. ಚಿತ್ತಾಪುರದ ಕಡೆ ಭೀಮಾ ನದಿಯ ದಂಡೆಯಲ್ಲಿರುವ ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಉತ್ಖನನ ನಡೆಸಿದಾಗ ಬೆಳಕಿಗೆ ಬಂದ ಬೌದ್ಧ ಸ್ತೂಪದ ಸುಣ್ಣಕಲ್ಲಿನ ಫಲಕಗಳಲ್ಲಿ ಜಾತಕ ಕಥೆಗಳ ದೃಶ್ಯಗಳಿದ್ದು, ಅವುಗಳ ಜೊತೆಗೆ ಬ್ರಾಹ್ಮೀ ಲಿಪಿಯ ಚಿಕ್ಕ ಹೆಸರುಪಟ್ಟಿಗಳಿವೆ. ಅಶೋಕನ ಹೆಸರನ್ನು ಹೊತ್ತ ಪ್ರಸಿದ್ಧ ಶಿಲ್ಪವೂ ಇಲ್ಲಿಯದೇ. ಒಂದು ಫಲಕಕ್ಕೆ ಒಂದು ಘಟ್ಟ, ಆ ಘಟ್ಟಕ್ಕೊಂದು ಬರಹ ಎಂಬ ಈ ಜೋಡಣೆಗೂ ಇಂದಿನ ಸ್ಟೋರಿಬೋರ್ಡಿಗೂ ತತ್ತ್ವ ಒಂದೇ. ಚಿತ್ರ ಅಥವಾ ಧಾರಾವಾಹಿಯ ಪ್ರತಿಯೊಂದು ದೃಶ್ಯವನ್ನು ತಯಾರಿಕೆಗೆ ಮುನ್ನವೇ ಚೌಕಗಳಲ್ಲಿ ಬರೆದು, ಕೆಳಗೆ ಮಾತು ಮತ್ತು ಕ್ರಿಯೆಯನ್ನು ಗುರುತಿಸಿದ ಹಾಳೆಗಳ ಸರಣಿಗೆ ಸ್ಟೋರಿಬೋರ್ಡ್ ಎನ್ನುತ್ತಾರೆ. ಅದೇ ಚೌಕಗಳನ್ನು ತಾತ್ಕಾಲಿಕ ಧ್ವನಿಯೊಂದಿಗೆ ಓಡಿಸಿ, ಯಾವ ದೃಶ್ಯ ಎಷ್ಟು ಸೆಕೆಂಡು ನಿಲ್ಲಬೇಕೆಂದು ಅಳೆಯುವ ಕರಡು ಚಿತ್ರಕ್ಕೆ ಅನಿಮ್ಯಾಟಿಕ್ ಎಂಬ ಹೆಸರಿದೆ.

ಹಾಸ್ಯದ ಮಟ್ಟಿಗೆ ಈ ಅಳತೆಯೇ ಪ್ರಾಣ. ಪುಸ್ತಕದಲ್ಲಿ ಪುಟ ತಿರುವುವ ಕೈ ಓದುಗನದಾದ್ದರಿಂದ, ನಗೆ ಸಿಡಿಯುವ ಕ್ಷಣವನ್ನು ಮಗು ತಾನೇ ನಿರ್ಧರಿಸುತ್ತದೆ, ಬೇಕೆನಿಸಿದರೆ ಅದೇ ಪುಟಕ್ಕೆ ಹತ್ತು ಸಲ ಮರಳುತ್ತದೆ. ತೆರೆಯ ಮೇಲೆ ಆ ಅಧಿಕಾರ ನಿರ್ದೇಶಕನ ಪಾಲಾಗುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡು ಚೌಕಟ್ಟುಗಳ ಕಾಲ ನಿಲ್ಲಿಸುವ ರೂಢಿಯನ್ನು ಅನುಸರಿಸಿದರೂ ಸೆಕೆಂಡಿಗೆ 12 ಚಿತ್ರಗಳು ಬೇಕಾಗುತ್ತವೆ, ಅಂದರೆ 11 ನಿಮಿಷದ ಒಂದು ಕಂತಿಗೆ 7,920 ಚಿತ್ರಗಳು. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟವನು ಬೀಳುವ ಮೊದಲು ಗಾಳಿಯಲ್ಲಿ ಎಷ್ಟು ಚೌಕಟ್ಟು ನಿಲ್ಲಬೇಕು ಎಂಬ ಲೆಕ್ಕ ತಪ್ಪಿದರೆ ನಗೆಯೂ ತಪ್ಪುತ್ತದೆ. ಸಂಭಾಷಣೆಯ ಧ್ವನಿಯನ್ನು ಸಾಮಾನ್ಯವಾಗಿ ಮೊದಲೇ ಮುದ್ರಿಸಿಕೊಂಡು, ಆ ಧ್ವನಿಯ ಏರಿಳಿತಕ್ಕೆ ತಕ್ಕಂತೆ ತುಟಿ, ಹುಬ್ಬು, ಕೈಗಳನ್ನು ಚಿತ್ರಿಸುವುದೂ ಇದೇ ಕಾರಣಕ್ಕೆ.

ತುಂಟರಿಬ್ಬರ ಪುಸ್ತಕ ಕಲಿಸುವ ಪಾಠ

ಈ ಬಗೆಯ ರೂಪಾಂತರಕ್ಕೆ ಇತ್ತೀಚಿನ ದೊಡ್ಡ ನಿದರ್ಶನ ಅಮೆರಿಕದ ಡೇವ್ ಪಿಲ್ಕಿಯವರ ಕೃತಿಗಳು. ಓದು ತೊಡಕಾಗುವ ಡಿಸ್ಲೆಕ್ಸಿಯಾ ಮತ್ತು ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಎಂಬ ಸ್ಥಿತಿಗಳಿದ್ದ ಬಾಲಕ ಪಿಲ್ಕಿ, ತರಗತಿಯಿಂದ ಹೊರಗೆ ಕಳಿಸಲ್ಪಟ್ಟಾಗ ಶಾಲೆಯ ಹಜಾರದಲ್ಲಿ ಕೂತು ಚಿತ್ರಕಥೆಗಳನ್ನು ಬರೆಯುತ್ತಿದ್ದರು. ಆ ಕಲ್ಪನೆಯಿಂದ ಹುಟ್ಟಿದ 'ಕ್ಯಾಪ್ಟನ್ ಅಂಡರ್‌ಪ್ಯಾಂಟ್ಸ್' ಮಾಲೆಯ ಮೊದಲ ಪುಸ್ತಕ 1997ರಲ್ಲಿ ಬಂದಿತು. ಜಾರ್ಜ್ ಮತ್ತು ಹ್ಯಾರಲ್ಡ್ ಎಂಬ ತುಂಟರಿಬ್ಬರು ಸಿಡುಕಿನ ಮುಖ್ಯೋಪಾಧ್ಯಾಯನನ್ನು ಸಮ್ಮೋಹನಗೊಳಿಸಿ, ಒಳಚಡ್ಡಿ ಮತ್ತು ಮೇಲಂಗಿ ತೊಟ್ಟ ಮಹಾವೀರನೆಂದು ಅವನನ್ನೇ ನಂಬಿಸುವುದು ಇದರ ಹೂರಣ. ಪುಟವೊಂದನ್ನು ಹಿಂದೆ ಮುಂದೆ ಬೇಗಬೇಗ ತಿರುವಿದರೆ ಎರಡು ಚಿತ್ರಗಳು ಬೆರೆತು ಹೊಡೆದಾಟ ಚಲಿಸಿದಂತೆ ಕಾಣುವ 'ಫ್ಲಿಪ್-ಒ-ರಾಮ' ಎಂಬ ಆಟವೂ ಈ ಪುಸ್ತಕಗಳಲ್ಲಿದೆ, ಆದ್ದರಿಂದ ಅನಿಮೇಷನ್ನಿನ ಮೂಲತತ್ತ್ವವನ್ನು ಮಗು ಇಲ್ಲಿ ತನ್ನ ಬೆರಳುಗಳಿಂದಲೇ ಕಲಿಯುತ್ತದೆ.

2017ರಲ್ಲಿ ಡ್ರೀಮ್‌ವರ್ಕ್ಸ್ ಸಂಸ್ಥೆಗಾಗಿ ಡೇವಿಡ್ ಸೋರೆನ್ ನಿರ್ದೇಶಿಸಿದ ಚಿತ್ರ ಹಲವು ಪುಸ್ತಕಗಳ ಘಟನೆಗಳನ್ನು ಒಂದೇ ಎಳೆಗೆ ಪೋಣಿಸಿತು, ಆ ಎಳೆಗೆ ಬೆನ್ನೆಲುಬಾಗಿ ಗೆಳೆಯರಿಬ್ಬರನ್ನು ಬೇರೆ ಬೇರೆ ತರಗತಿಗೆ ಹಾಕುವ ಬೆದರಿಕೆಯನ್ನು ಇಟ್ಟಿತು. ಪುಸ್ತಕದಲ್ಲಿ ತಮಾಷೆಗಳೇ ಸಾಕಾಗಿದ್ದರೂ, ತೆರೆಯ ಮೇಲೆ ಒಂದೂವರೆ ಗಂಟೆ ಕೂರುವ ಪ್ರೇಕ್ಷಕನಿಗೆ ಏನೋ ಕಳೆದುಹೋಗಬಹುದೆಂಬ ಆತಂಕ ಬೇಕಾಗುತ್ತದೆ. ಸ್ನೇಹ ಮುರಿಯುವ ಭಯ ಆರು ವರ್ಷದ ಮಗುವಿಗೂ ಅರವತ್ತರ ಅಜ್ಜನಿಗೂ ಒಂದೇ ರೀತಿ ಅರ್ಥವಾಗುವುದರಿಂದ ಚಿತ್ರ ಮನೆಮಂದಿಯದಾಯಿತು. ಇದೇ ಮಾರ್ಗದಲ್ಲಿ, 2016ರಿಂದ ಬರುತ್ತಿರುವ ಪಿಲ್ಕಿಯವರ 'ಡಾಗ್ ಮ್ಯಾನ್' ಮಾಲೆ 2025ರ ಜನವರಿ 31ರಂದು ಪೀಟರ್ ಹೇಸ್ಟಿಂಗ್ಸ್ ನಿರ್ದೇಶನದಲ್ಲಿ ಚಿತ್ರವಾಗಿ ತೆರೆಕಂಡಿತು. ಸ್ಫೋಟವೊಂದರಲ್ಲಿ ಗಾಯಗೊಂಡ ಪೊಲೀಸನ ದೇಹಕ್ಕೆ ಅವನ ನಾಯಿಯ ತಲೆಯನ್ನು ಹೊಲಿಯುವುದರಿಂದ ಆರಂಭವಾಗುವ ಈ ಕಥೆ ಕೇಳುವುದಕ್ಕೆ ಭಯಾನಕವಾದರೂ, ಇಡೀ ಲೋಕವನ್ನು ಮಗು ಬಿಡಿಸಿದ ಚಿತ್ರದಂತೆ ರೂಪಿಸಿದ್ದರಿಂದ ಅಲ್ಲಿ ನೋವು ನಗೆಯಾಗಿ ಮಾರ್ಪಡುತ್ತದೆ. ಅದರ ನಡುವೆ ಖಳನಾದ ಬೆಕ್ಕು ಪೀಟಿ, ಅವನ ಪ್ರತಿರೂಪವಾಗಿ ಹುಟ್ಟಿದ ಮುಗ್ಧ ಮರಿ, ಪೀಟಿಯನ್ನು ತೊರೆದಿದ್ದ ತಂದೆ ಎಂಬ ಮೂರು ತಲೆಮಾರುಗಳ ಸಂಬಂಧ ಚಿತ್ರಕ್ಕೆ ಭಾರ ತಂದುಕೊಡುತ್ತದೆ.

ಭಾರತದ ದಾರಿ

ಭಾರತದಲ್ಲಿ ಇದಕ್ಕೆ ಸಮೀಪದ ಉದಾಹರಣೆ 'ಮೋಟು ಪತ್ಲು'. ಹಿಂದಿಯ 'ಲೋಟ್‌ಪೋಟ್' ಮಕ್ಕಳ ಪತ್ರಿಕೆಯ ಈ ಚಿತ್ರಕಥೆಯನ್ನು ಕಾಸ್ಮಾಸ್-ಮಾಯಾ ಸ್ಟುಡಿಯೋ 2012ರಲ್ಲಿ ನಿಕೆಲೋಡಿಯನ್ ವಾಹಿನಿಗಾಗಿ ಅನಿಮೇಷನ್ ಧಾರಾವಾಹಿಯಾಗಿಸಿತು. ದಡ್ಡ ದಢೂತಿಯೂ ಸಣಕಲು ಜಾಣನೂ ಈ ಧಾರಾವಾಹಿಯಲ್ಲಿ ಫುರ್‌ಫುರಿ ನಗರವೆಂಬ ಸ್ಥಿರವಾದ ಊರಿನಲ್ಲಿ, ಸಮೋಸಾ ಅಂಗಡಿ, ವೈದ್ಯ, ಪೊಲೀಸ್ ಅಧಿಕಾರಿ ಇವರ ನಡುವೆ ಬದುಕುತ್ತಾರೆ. 1980ರಲ್ಲಿ ಕಾರ್ಕಳ ಮೂಲದ ಅನಂತ ಪೈ ಆರಂಭಿಸಿದ 'ಟಿಂಕಲ್' ಪತ್ರಿಕೆಯಲ್ಲಿ 1983ರಿಂದ ಬೆಳೆದ ಸುಪ್ಪಂಡಿಯೂ ಜಾನಪದದಿಂದ ಬಂದ ಪೆದ್ದನೇ. ಅನಂತ ಪೈ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ 'ಅಮರ ಚಿತ್ರಕಥೆ' ಮಾಲೆಯ ಮೊದಲ ಹತ್ತು ಪುಸ್ತಕಗಳು, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಹೊರಬಂದ ಪಾಶ್ಚಾತ್ಯ ಕಿನ್ನರ ಕಥೆಗಳಾಗಿದ್ದವು ಎಂಬುದನ್ನು ಕನ್ನಡಿಗರು ನೆನಪಿಡಬೇಕು. ಚಿತ್ರಕಥೆಯ ಮಾರುಕಟ್ಟೆಗೆ ಕನ್ನಡ ಚಿಕ್ಕದೆಂಬ ಮಾತನ್ನು ಆ ಇತಿಹಾಸವೇ ಅಲ್ಲಗಳೆಯುತ್ತದೆ.

ಕನ್ನಡಕ್ಕೆ ತನ್ನದೇ ಪೆದ್ದರ ಸಂಪತ್ತೂ ಇದೆ. ಎ.ಕೆ. ರಾಮಾನುಜನ್ ಅವರ 'ಫೋಕ್‌ಟೇಲ್ಸ್ ಫ್ರಮ್ ಇಂಡಿಯಾ' ಸಂಕಲನದಲ್ಲಿ ಸೇರಿ, ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿಯ ಇಂಗ್ಲಿಷ್ ಪೂರಕ ಪಠ್ಯಕ್ಕೂ ಹೋದ ಕನ್ನಡ ಜನಪದ ಕಥೆಯಲ್ಲಿ, ಪೆದ್ದ ರಾಜನೂ ಪೆದ್ದ ಮಂತ್ರಿಯೂ ಹಗಲನ್ನು ರಾತ್ರಿಯಾಗಿ, ರಾತ್ರಿಯನ್ನು ಹಗಲಾಗಿ ಬದಲಿಸುತ್ತಾರೆ, ಅಂಗಡಿಯಲ್ಲಿ ಏನು ಕೊಂಡರೂ ಒಂದೇ ಬೆಲೆ. ಗೋಡೆ ಕುಸಿದು ಕಳ್ಳ ಸತ್ತಾಗ ಅಪರಾಧ ಮನೆಯ ಯಜಮಾನನಿಂದ ಗೋಡೆ ಕಟ್ಟಿದವನಿಗೆ, ಅವನ ಗಮನ ಸೆಳೆದ ನರ್ತಕಿಗೆ, ಅವಳನ್ನು ಅಲೆಸಿದ ಅಕ್ಕಸಾಲಿಗನಿಗೆ ದಾಟಿ ಮತ್ತೆ ಆ ಯಜಮಾನನ ಮನೆಗೇ ಬರುತ್ತದೆ; ಕೊನೆಗೆ ಶೂಲಕ್ಕೆ ಸರಿಯಾಗಿ ಹೊಂದುವನೆಂಬ ಕಾರಣಕ್ಕೆ ಗುರುವಿನೊಂದಿಗೆ ಆ ರಾಜ್ಯಕ್ಕೆ ಬಂದಿದ್ದ ಪರದೇಶಿ ದಪ್ಪ ಶಿಷ್ಯನನ್ನು ಹಿಡಿದು ತರುತ್ತಾರೆ. ಅನಿಮೇಷನ್ನಿಗೆ ಇದಕ್ಕಿಂತ ಒಪ್ಪುವ ಸಾಮಗ್ರಿ ಕಡಿಮೆ: ತಲೆಕೆಳಗಾದ ಹಗಲು ರಾತ್ರಿ ಬಣ್ಣದ ಯೋಜನೆಗೆ ಆಧಾರವಾಗುತ್ತದೆ, ಒಬ್ಬರಿಂದೊಬ್ಬರಿಗೆ ದಾಟುವ ಆರೋಪ ಮರುಕಳಿಸುವ ನಗೆಯಾಗುತ್ತದೆ, ಗುರು ಮತ್ತು ಶಿಷ್ಯರ ಅಕ್ಕರೆ ಕಥೆಯ ಹೃದಯವಾಗುತ್ತದೆ. ಗುರುವಿನ ಉಪಾಯಕ್ಕೆ ಮರುಳಾಗಿ ರಾಜ ಮತ್ತು ಮಂತ್ರಿ ತಾವೇ ಶೂಲವೇರುವ ಕೊನೆಯನ್ನು ಮಾತ್ರ, ಡಾಗ್ ಮ್ಯಾನ್ ಚಿತ್ರದ ಶಸ್ತ್ರಚಿಕಿತ್ಸೆಯಂತೆ, ಚಿತ್ರಶೈಲಿಯ ಬಲದಿಂದ ಹಗುರಗೊಳಿಸಬೇಕು. ಅದನ್ನು ಪೂರ್ತಿ ತೆಗೆದುಹಾಕಿದರೆ ಅನ್ಯಾಯದ ಮೇಲೆ ಕಥೆ ಮಾಡುವ ಟೀಕೆ ಮೊಂಡಾಗುತ್ತದೆ.

ಆ ರಾಜ್ಯದ ಜನ ಆಡುವ ಮಾತು

ಸೇಡಂ, ಚಿತ್ತಾಪುರಗಳು ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗದಲ್ಲಿವೆ, ಚಿಂಚೋಳಿ ತೆಲಂಗಾಣದ ಗಡಿಗೆ ಅಂಟಿಕೊಂಡಿದೆ, ಸಿಮೆಂಟು ಮತ್ತು ಕಲ್ಲಿನ ಉದ್ಯಮ ವಾಡಿಗೂ ಶಹಾಬಾದಿಗೂ ಹಲವು ಪ್ರಾಂತಗಳ ದುಡಿಮೆಗಾರರನ್ನು ತಂದಿದೆ. ಕನ್ನಡ, ತೆಲುಗು, ದಖನಿ ಉರ್ದು, ತಾಂಡಾಗಳ ಲಂಬಾಣಿ ಇಲ್ಲಿ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. 2009ರಲ್ಲಿ ಚಿಂಟು ಟಿವಿ ಆರಂಭವಾದ ಮೇಲೆ ಕಾರ್ಟೂನುಗಳು ಕನ್ನಡ ಧ್ವನಿಯಲ್ಲಿ ಮನೆಗೆ ಬಂದವಾದರೂ, ಆ ಕನ್ನಡ ಬಹುಮಟ್ಟಿಗೆ ಬೆಂಗಳೂರು, ಮೈಸೂರುಗಳ ಕಡೆಯದು; ಸೇಡಂನ ಮಗು ಅದನ್ನು ತಿಳಿಯಬಲ್ಲದು, ಆದರೆ ತನ್ನ ಮುತ್ಯಾ ನಗುವ ರೀತಿ, ಅವ್ವ ಗದರುವ ರೀತಿ ಅದರಲ್ಲಿ ಆ ಮಗುವಿಗೆ ಸಿಗುವುದಿಲ್ಲ.

ಕನ್ನಡ ತೆರೆಯ ಮೇಲೆ ಈ ಭಾಗದ ಮಾತು ಬಂದಾಗಲೂ ಅದು ಹೆಚ್ಚಾಗಿ ಹಾಸ್ಯಪಾತ್ರದ ಬಾಯಿಗೆ ಸೀಮಿತವಾಗುತ್ತದೆ. 'ಮೋಟು ಪತ್ಲು'ವಿನ ಮೂಲ ಹಿಂದಿಯಲ್ಲಿ ಇನ್ಸ್‌ಪೆಕ್ಟರ್ ಚಿಂಗಂ ಒಬ್ಬನಿಗೆ ದಕ್ಷಿಣದ ಉಚ್ಚಾರ ಕೊಟ್ಟು ನಗಿಸುವುದೂ ಇದೇ ಪದ್ಧತಿ. ಊರಿನವರೆಲ್ಲ ಶಿಷ್ಟ ಭಾಷೆಯಲ್ಲಿ ಮಾತಾಡಿ ಪೆದ್ದನೊಬ್ಬನೇ ಆಡುನುಡಿ ಆಡಿದರೆ, ನಗೆಯ ಗುರಿ ಅವನ ಪೆದ್ದುತನವನ್ನು ಬಿಟ್ಟು ಒಂದು ಸೀಮೆಯ ಜನರ ಮೇಲೆ ಬೀಳುತ್ತದೆ. ಪೆದ್ದರ ರಾಜ್ಯದಲ್ಲಿ ರಾಜ, ಗುರು, ಅಕ್ಕಸಾಲಿಗ, ಮಗು ಎಲ್ಲರೂ ಒಂದೇ ಕಲಬುರಗಿ ಕನ್ನಡ ಆಡಿದಾಗ ಆ ಭಾಷೆಯೇ ಅಲ್ಲಿಯ ಶಿಷ್ಟ ಭಾಷೆಯಾಗುತ್ತದೆ, ನಗೆ ಸನ್ನಿವೇಶದಿಂದ ಹುಟ್ಟುತ್ತದೆ. ಹಗಲೇ ರಾತ್ರಿಯಾದ ಊರಿನಲ್ಲಿ ಮೊಮ್ಮಗ, 'ಮುತ್ಯಾ, ಹೊತ್ತು ಹೊಂಟದ, ನೀ ಇನ್ನಾ ಮಕ್ಕೊಂಡಿಲ್ಲೇನು?' ಎಂದು ಕೇಳಿದರೆ ನಗು ತರುವುದು ಆ ರಾಜ್ಯದ ಕಾನೂನು, ಮಗುವಿನ ಮಾತು ಅಲ್ಲಿ ತೀರ ಸಹಜವಾಗಿರುತ್ತದೆ.

ಇದಕ್ಕೆ ಶಾಸ್ತ್ರದ ಬೆಂಬಲವೂ ಈ ನೆಲದಲ್ಲೇ ಇದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ರೂಪುಗೊಂಡ 'ಕವಿರಾಜಮಾರ್ಗ' ಕನ್ನಡವನ್ನು ಬಹುವಚನದಲ್ಲಿ ಕಂಡು, ದೇಸಿ ಬೇರೆ ಬೇರೆಯಾದ್ದರಿಂದ ಅದರ ದೋಷಗಳನ್ನು ಎಣಿಸಹೋದರೆ ನಾಗರಾಜ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಮಾತನ್ನು ಹೇಳುತ್ತದೆ. ಕನ್ನಡಗಳು ಹಲವು ಎಂಬ ಅರಿವು ಸಾಹಿತ್ಯದಲ್ಲಿ ಇಷ್ಟು ಹಳೆಯದಾಗಿರುವಾಗ, ಮಕ್ಕಳ ತೆರೆಗೆ ಒಂದೇ ಕನ್ನಡ ಸಾಕೆಂದು ತೀರ್ಮಾನಿಸುವುದು ನ್ಯಾಯವಲ್ಲ.

ಸಾಧ್ಯತೆಯ ದೃಷ್ಟಿಯಿಂದ ಕಾಲ ಅನುಕೂಲವಾಗಿದೆ. ಅನಿಮೇಷನ್, ದೃಶ್ಯಪರಿಣಾಮ, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಗಳಿಗಾಗಿ ಕರ್ನಾಟಕ ಸರ್ಕಾರ 2012ರಲ್ಲೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿದೆ. 2008ರಿಂದ 'ಛೋಟಾ ಭೀಮ್' ತಯಾರಿಸುತ್ತ ಬಂದ ಗ್ರೀನ್ ಗೋಲ್ಡ್ ಸ್ಟುಡಿಯೋ ಇರುವ ಹೈದರಾಬಾದ್ ಸೇಡಂ, ಚಿಂಚೋಳಿಗಳಿಗೆ ಬೆಂಗಳೂರಿಗಿಂತ ಬಹಳ ಹತ್ತಿರ. ದೃಶ್ಯಕಲೆಯ ಶಿಕ್ಷಣ ಕಲಬುರಗಿಯಲ್ಲೇ ದೊರೆಯುತ್ತದೆ. ಸರಳ ರೇಖೆಯ ಚಿತ್ರಶೈಲಿ ನಗೆಕಥೆಗೆ ಒಪ್ಪುವುದರ ಜೊತೆಗೆ ಖರ್ಚನ್ನೂ ತಗ್ಗಿಸುತ್ತದೆ. ಆರಂಭಕ್ಕೆ ಬೇಕಿರುವುದು ಹನ್ನೊಂದು ನಿಮಿಷದ ಕೆಲವೇ ಕಂತುಗಳು, ಈ ಸೀಮೆಯ ಮನೆಗಳಲ್ಲಿ ಹಿರಿಯರು ಹೇಳುವ ಪೆದ್ದರ ಕಥೆಗಳ ಒಂದು ಸಚಿತ್ರ ಪುಸ್ತಕಮಾಲೆ, ಮತ್ತು ಧ್ವನಿ ಕೊಡಲು ಸೇಡಂ, ಚಿತ್ತಾಪುರ, ಚಿಂಚೋಳಿಗಳ ಹುಡುಗ ಹುಡುಗಿಯರು. ಪುಸ್ತಕ ಮೊದಲು ಬಂದು ಮಕ್ಕಳ ಕೈಯಲ್ಲಿ ಪರೀಕ್ಷೆಗೊಳಗಾಗಲಿ, ಯಾವ ಪುಟಕ್ಕೆ ಅವರು ನಕ್ಕು ಮತ್ತೆ ಮರಳುತ್ತಾರೋ ಅದೇ ಮೊದಲ ಕಂತಾಗಲಿ; ತಮ್ಮ ಮನೆಯ ಮಾತಿನಲ್ಲಿ ರಾಜನೂ ಗುರುವೂ ಮಾತಾಡುವುದನ್ನು ಕೇಳಿ ಬೆಳೆದ ಮಗು ಆ ಮಾತಿಗಾಗಿ ಎಲ್ಲಿಯೂ ತಲೆತಗ್ಗಿಸಬೇಕಾಗುವುದಿಲ್ಲ.