ಪೈಲಟ್ ಸಂಬಳ: ಜಾಹೀರಾತಿನ ಅಂಕಿ, ಕಾಕ್‌ಪಿಟ್‌ನ ವಾಸ್ತವ

ಪಿಯುಸಿ ಫಲಿತಾಂಶದ ಹೊತ್ತಿಗೆ ಪೈಲಟ್ ತರಬೇತಿ ಸಂಸ್ಥೆಗಳ ಜಾಹೀರಾತುಗಳೂ ಬರುತ್ತವೆ. ಅವುಗಳಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಕ್ಯಾಪ್ಟನ್ ಸಂಬಳ. ಆ ಒಂದು ಅಂಕಿಯನ್ನು ನಂಬಿ ಸಾಲಕ್ಕೆ ಸಹಿ ಹಾಕುವ ತಂದೆತಾಯಂದಿರಿದ್ದಾರೆ. ಈ ವೃತ್ತಿಗೆ ಬರಬೇಡಿ ಎಂದು ನಾನು ಹೇಳುತ್ತಿಲ್ಲ. ಪೂರ್ತಿ ಲೆಕ್ಕ ತಿಳಿದು ಬನ್ನಿ ಎನ್ನುತ್ತಿದ್ದೇನೆ.

ತಪ್ಪು ಕಲ್ಪನೆ 1: ಲೈಸೆನ್ಸ್ ಸಿಕ್ಕರೆ ಸಾಕು, ತಿಂಗಳಿಗೆ ಲಕ್ಷಗಟ್ಟಲೆ ಸಂಬಳ.

ಸತ್ಯ: ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆಯಲು 200 ಗಂಟೆಗಳ ಹಾರಾಟ, ಲಿಖಿತ ಪರೀಕ್ಷೆಗಳು ಮತ್ತು ಕ್ಲಾಸ್ 1 ಮೆಡಿಕಲ್ ಪ್ರಮಾಣಪತ್ರ ಬೇಕು. ಇಷ್ಟಕ್ಕೇ ಅರ್ಧ ಕೋಟಿ ರೂಪಾಯಿಯ ಆಸುಪಾಸು ಖರ್ಚಾಗುತ್ತದೆ. ಆ ಗಂಟೆಗಳಲ್ಲಿ ಹೆಚ್ಚಿನವು ಪುಟ್ಟ ತರಬೇತಿ ವಿಮಾನದಲ್ಲಿ ಕಳೆಯುತ್ತವೆ. ಏರ್‌ಬಸ್ ಎ320 ಅಥವಾ ಬೋಯಿಂಗ್ 737 ಹಾರಿಸಬೇಕಾದರೆ ‘ಟೈಪ್ ರೇಟಿಂಗ್’ ತರಬೇತಿ ಬೇರೆಯೇ ಆಗಬೇಕು. ಅನೇಕ ವೇಳೆ ಅದರ ಲಕ್ಷಾಂತರ ರೂಪಾಯಿ ಹೊರೆಯೂ ಅಭ್ಯರ್ಥಿಯದೇ.

ಕೆಲಸ ಸಿಕ್ಕವರು ಮೊದಲು ತರಬೇತಿಯಲ್ಲಿರುವ ಕೋ-ಪೈಲಟ್ ಆಗಿ, ಅನಂತರ ಫಸ್ಟ್ ಆಫೀಸರ್ ಆಗಿ ವರ್ಷಗಟ್ಟಲೆ ದುಡಿಯುತ್ತಾರೆ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ ಕನಿಷ್ಠ 1,500 ಗಂಟೆಗಳ ಹಾರಾಟ ಬೇಕು. ಜಾಹೀರಾತಿನ ಅಂಕಿ ಇರುವುದು ಈ ಮೆಟ್ಟಿಲುಗಳ ತುದಿಯಲ್ಲಿ. ಸಾಲದ ಕಂತು ಮೊದಲ ಮೆಟ್ಟಿಲಿನಲ್ಲೇ ಶುರುವಾಗಿರುತ್ತದೆ.

ತಪ್ಪು ಕಲ್ಪನೆ 2: ಒಮ್ಮೆ ಕ್ಯಾಪ್ಟನ್ ಆದರೆ ಜೀವನ ಭದ್ರ.

ಸತ್ಯ: ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. ಅನುಭವಿ ಕ್ಯಾಪ್ಟನ್‌ಗಳೂ ಸಂಬಳದ ಬಾಕಿಗಾಗಿ ಕಾದರು. ಕೋವಿಡ್ ಕಾಲದಲ್ಲಿ ಉಳಿದ ಕಂಪನಿಗಳಲ್ಲೂ ಸಂಬಳ ಕಡಿತವಾಯಿತು. ಸಂಬಳದ ದೊಡ್ಡ ಪಾಲು ಹಾರಿದ ಗಂಟೆಗಳನ್ನು ಅವಲಂಬಿಸಿರುವುದರಿಂದ, ವಿಮಾನ ನೆಲದಲ್ಲಿ ನಿಂತರೆ ಆದಾಯವೂ ಇಳಿಯುತ್ತದೆ. ಜೊತೆಗೆ ನಿಯಮಿತ ವೈದ್ಯಕೀಯ ತಪಾಸಣೆ ಮತ್ತು ಸಿಮ್ಯುಲೇಟರ್ ಪರೀಕ್ಷೆಗಳಿವೆ. ಹೃದಯದ ತೊಂದರೆ ಕಂಡರೆ ನಲವತ್ತನೇ ವಯಸ್ಸಿನಲ್ಲೂ ಹಾರಾಟ ನಿಲ್ಲಬಹುದು.

ತಪ್ಪು ಕಲ್ಪನೆ 3: ಹಾರುವುದು ಕೆಲವೇ ಗಂಟೆ, ಉಳಿದದ್ದೆಲ್ಲ ವಿಶ್ರಾಂತಿ.

ಸತ್ಯ: ನಿಯಮದ ಪ್ರಕಾರ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ಆದರೆ ಈ ಲೆಕ್ಕಕ್ಕೆ ಬರುವುದು ವಿಮಾನ ಹೊರಡಲು ಕದಲಿದಾಗಿನಿಂದ ಮತ್ತೆ ಬಂದು ನಿಲ್ಲುವವರೆಗಿನ ಸಮಯ ಮಾತ್ರ. ನಡುರಾತ್ರಿ ಏಳುವುದು, ಹಾರಾಟಕ್ಕೆ ಮುಂಚಿನ ಸಿದ್ಧತೆ, ಎರಡು ಹಾರಾಟಗಳ ನಡುವಿನ ಕಾಯುವಿಕೆ ಅದರಲ್ಲಿ ಸೇರುವುದಿಲ್ಲ. ದಣಿದ ಪೈಲಟ್ ಪ್ರಯಾಣಿಕರಿಗೂ ಅಪಾಯ. ಅದಕ್ಕಾಗಿಯೇ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿತು, ರಾತ್ರಿ ಲ್ಯಾಂಡಿಂಗ್‌ಗಳಿಗೆ ಬಿಗಿಯಾದ ಮಿತಿ ಹಾಕಿತು. ಹೊಸ ನಿಯಮಗಳು ಪೂರ್ಣವಾಗಿ ಜಾರಿಗೆ ಬಂದ ಬೆನ್ನಿಗೇ, 2025ರ ಡಿಸೆಂಬರ್‌ನಲ್ಲಿ, ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದವು. ನಮ್ಮ ವಿಮಾನಯಾನ ಎಷ್ಟು ಕಡಿಮೆ ಬಿಡುವಿನ ಮೇಲೆ ನಡೆಯುತ್ತಿತ್ತು ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ತಪ್ಪು ಕಲ್ಪನೆ 4: ಪೈಲಟ್‌ಗಳ ಕೊರತೆಯಿದೆ, ಹಾಗಾಗಿ ಕೆಲಸ ಖಚಿತ.

ಸತ್ಯ: ಬೇಡಿಕೆ ಇರುವುದು ನಿಜ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಆದರೆ ಅವು ಒಂದೇ ಸಲ ಬರುವುದಿಲ್ಲ. ಇಂಡಿಗೋದ ಆ 500 ವಿಮಾನಗಳು ಬರಬೇಕಿರುವುದೇ 2030ರಿಂದ 2035ರ ನಡುವೆ. ಈಗ ಹೆಚ್ಚು ಕೊರತೆ ಇರುವುದು ಅನುಭವಿ ಕ್ಯಾಪ್ಟನ್‌ಗಳದು. 200 ಗಂಟೆಯ ಹೊಸಬರು ಲೈಸೆನ್ಸ್ ಹಿಡಿದು ಸರದಿಯಲ್ಲಿ ಕಾಯಬೇಕಾಗಬಹುದು.

ತಪ್ಪು ಕಲ್ಪನೆ 5: ಆಟೋಪೈಲಟ್ ಬಂದ ಮೇಲೆ ಪೈಲಟ್‌ಗೆ ಭವಿಷ್ಯವಿಲ್ಲ.

ಸತ್ಯ: ಇಂದಿಗೂ ಟೇಕಾಫ್ ಮಾಡುವುದು ಪೈಲಟ್ ಕೈಗಳೇ. ದಟ್ಟ ಮಂಜಿನಲ್ಲಿ ವಿಮಾನ ತಾನೇ ಇಳಿಯಬಲ್ಲದು, ಆದರೆ ಅದನ್ನು ಹೊಂದಿಸುವವರು, ಗಮನಿಸುವವರು, ಬೇಡವೆನಿಸಿದರೆ ತಕ್ಷಣ ಮೇಲಕ್ಕೆ ಎತ್ತುವವರು ಮನುಷ್ಯರು. ಕಾಕ್‌ಪಿಟ್‌ನಲ್ಲಿ ಒಬ್ಬರೇ ಸಾಕೇ ಎಂಬುದನ್ನು ಯುರೋಪಿನ ಸುರಕ್ಷತಾ ಸಂಸ್ಥೆ ಇಎಎಸ್‌ಎ ಅಧ್ಯಯನ ಮಾಡಿಸಿತು. ಈಗಿನ ಕಾಕ್‌ಪಿಟ್‌ಗಳಲ್ಲಿ ಇಬ್ಬರಿದ್ದಾಗಿನಷ್ಟೇ ಸುರಕ್ಷತೆಯನ್ನು ಸಾಬೀತುಪಡಿಸಲಾಗದು ಎಂಬ ತೀರ್ಮಾನ 2025ರಲ್ಲಿ ಬಂತು.

ವೃತ್ತಿಯ ಭವಿಷ್ಯಕ್ಕೆ ನಿಜವಾದ ಅಪಾಯ ಬೇರೆ ಕಡೆ ಇದೆ. 2009ರ ಜನವರಿಯಲ್ಲಿ ಎರಡೂ ಎಂಜಿನ್ ಕೆಟ್ಟ ವಿಮಾನವನ್ನು ಹಡ್ಸನ್ ನದಿಯಲ್ಲಿ ಇಳಿಸಿ 155 ಜನರ ಪ್ರಾಣ ಉಳಿಯುವಂತೆ ಮಾಡಿದ ಕ್ಯಾಪ್ಟನ್ ಸಲ್ಲೆನ್‌ಬರ್ಗರ್, ಕೆಲವೇ ವಾರಗಳಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ತಮ್ಮ ಸಂಬಳ ಶೇ 40ರಷ್ಟು ಕಡಿತವಾಗಿದ್ದನ್ನೂ ಪಿಂಚಣಿ ಹೋದದ್ದನ್ನೂ ಹೇಳಿದರು. ತಮ್ಮ ಮಕ್ಕಳು ಇದೇ ವೃತ್ತಿಗೆ ಬರಲಿ ಎನ್ನುವ ಪೈಲಟ್ ಒಬ್ಬರನ್ನೂ ತಾವು ಕಂಡಿಲ್ಲ ಎಂದರು. ಅನುಭವಕ್ಕೆ ತಕ್ಕ ಬೆಲೆ ಕೊಡದ ಕಡೆ ಸಮರ್ಥರು ಉಳಿಯುವುದಿಲ್ಲ. ಅದರ ನಷ್ಟ ಕೊನೆಗೆ ಪ್ರಯಾಣಿಕರದು.

ಹಾರುವ ಆಸೆಯಿರುವವರು ಶುಲ್ಕ ಕಟ್ಟುವ ಮೊದಲೇ ಮೆಡಿಕಲ್ ಮಾಡಿಸಿಕೊಳ್ಳಲಿ. ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯೂ ಸೇರಿದಂತೆ ಹಲವು ಕಡೆ ವಿಚಾರಿಸಲಿ. ಎಷ್ಟು ವಿಮಾನಗಳು ನಿಜಕ್ಕೂ ಹಾರುತ್ತಿವೆ, ಹಿಂದಿನ ತಂಡ 200 ಗಂಟೆ ಮುಗಿಸಲು ಎಷ್ಟು ತಿಂಗಳು ಹಿಡಿಯಿತು, ಅವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂದು ಕೇಳಲಿ. ಕೆಲಸವಿಲ್ಲದೆ ಎರಡು ವರ್ಷ ಕಳೆದರೂ ಸಾಲದ ಕಂತು ಕಟ್ಟುವ ದಾರಿ ಇದೆಯೇ ಎಂದು ಮನೆಯವರೆಲ್ಲ ಕೂತು ಲೆಕ್ಕ ಹಾಕಲಿ. ಇದೆ ಎಂದಾದರೆ ಧೈರ್ಯವಾಗಿ ಮುಂದುವರಿಯಬಹುದು.