ಗಡ್ಡೆಗಿಂತ ಮುಂಚೆ ಮಿದುಳು ಮುಟ್ಟುವ ಚೀಲ

ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿ, ಅದರಲ್ಲೊಂದು ಪಾಲು ತೆಗೆದುಕೊಳ್ಳಿ. ಎಕ್ಸೋಸೋಮ್ ಇರುವುದು ಹೆಚ್ಚುಕಡಿಮೆ ಅಷ್ಟೇ! ಕೊಬ್ಬಿನ ಪೊರೆಯ ಈ ಪುಟಾಣಿ ಚೀಲಗಳನ್ನು ನಮ್ಮ ಜೀವಕೋಶಗಳು ಎಡೆಬಿಡದೆ ಹೊರಗೆ ಬಿಡುತ್ತಲೇ ಇರುತ್ತವೆ. 1983ರಲ್ಲಿ ಎಳೆಯ ಕೆಂಪು ರಕ್ತಕಣಗಳಲ್ಲಿ ಇವು ಕಣ್ಣಿಗೆ ಬಿದ್ದಾಗ, ಕೋಶ ಬೇಡದ್ದನ್ನು ಹೊರಚೆಲ್ಲುತ್ತಿದೆ ಎಂದೇ ವಿಜ್ಞಾನಿಗಳು ತಿಳಿದರು. ಕಸ! ಆ ಕಸದೊಳಗೆ ಪ್ರೋಟೀನು, ಆರ್‌ಎನ್‌ಎ. ಮತ್ತೊಂದು ಕೋಶದ ನಡತೆಯನ್ನೇ ತಿರುಗಿಸಬಲ್ಲ ಸರಕು.

ಕ್ಯಾನ್ಸರ್ ಮಿದುಳಿಗೆ ಹರಡಲು ಆ ಸರಕನ್ನು ಬಳಸಿಕೊಳ್ಳುವ ಬಗೆ ನೋಡಿ. ಮಿದುಳಿನ ರಕ್ತನಾಳಗಳ ಒಳಗೋಡೆ ಬಲು ಬಿಗಿ, ಎಷ್ಟೋ ಔಷಧಗಳೇ ಅದನ್ನು ದಾಟಲಾರವು. 2015ರಲ್ಲಿ ಟೋಕಿಯೊದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದವರು ಒಂದು ಗುಟ್ಟು ಬಿಡಿಸಿದರು: ಸ್ತನ ಕ್ಯಾನ್ಸರ್ ಕೋಶಗಳ ಚೀಲದಲ್ಲಿ ಬರುವ ಒಂದು ಮೈಕ್ರೋ ಆರ್‌ಎನ್‌ಎ, ಅಂದರೆ ಜೀನುಗಳ ಬಾಯಿ ಕಟ್ಟಬಲ್ಲ ಪುಟ್ಟ ಆರ್‌ಎನ್‌ಎ ತುಣುಕು, ಗೋಡೆಯ ಕೋಶಗಳನ್ನು ಹೊಕ್ಕು, ಅವುಗಳ ಆಕಾರ ಹಿಡಿದಿಡುವ ಆಕ್ಟಿನ್ ಎಳೆಗಳನ್ನು ಕದಲಿಸುತ್ತದೆ. ಬಿಗಿ ಸಡಿಲವಾಗುತ್ತದೆ! 2019ರಲ್ಲಿ ನ್ಯೂಯಾರ್ಕಿನ ಡೇವಿಡ್ ಲೈಡನ್ ತಂಡ ಇನ್ನೂ ಮುಂದೆ ಹೋಯಿತು. ಸೆಮಿಪ್ ಎಂಬ ಪ್ರೋಟೀನು ಹೊತ್ತ ಚೀಲಗಳು ಮಿದುಳಿನ ನಾಳಗಳ ಸುತ್ತ ಉರಿಯೂತ ಎಬ್ಬಿಸಿ, ಇನ್ನೂ ಬಾರದ ಗಡ್ಡೆಗೆ ನೆಲ ಹದಮಾಡಿಡುತ್ತವೆ.

ಇಷ್ಟೂ ಗಡ್ಡೆಯ ಕೈವಾಡ. ಮಿದುಳು ತಾನೇ ಕಳಿಸುವ ಚೀಲಗಳ ಕಥೆ ಇದೆಯಲ್ಲ, ಅದನ್ನು ಓದಿದಾಗ ಮೈ ಝುಮ್ಮೆಂದಿತು. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ದಿಹುವಾ ಯು ಅವರ ತಂಡ ಹಿಂಬಾಲಿಸಿದ್ದು ಪಿಟೆನ್ ಎಂಬ ಜೀನನ್ನು; ಕೋಶದ ಅಡ್ಡಾದಿಡ್ಡಿ ಬೆಳವಣಿಗೆಗೆ ಕಡಿವಾಣ ಹಾಕುವ ಜೀನದು. ಮಿದುಳಿಗೆ ಬಂದಿಳಿದ ಕ್ಯಾನ್ಸರ್ ಕೋಶಗಳಲ್ಲಿ ಅದು ಮೌನವಾಗಿಬಿಟ್ಟಿತ್ತು. ಮಾಡಿದ್ದು ಯಾರು? ನರಕೋಶಗಳನ್ನು ಪೋಷಿಸುವ ಆಸ್ಟ್ರೋಸೈಟುಗಳು! ಅವು ಬಿಟ್ಟ ಎಕ್ಸೋಸೋಮ್‌ಗಳಲ್ಲಿನ ಮೈಕ್ರೋ ಆರ್‌ಎನ್‌ಎ ಪಿಟೆನ್‌ನ ಬಾಯಿ ಕಟ್ಟಿತ್ತು. ಕಾಯಬೇಕಾದವರ ಮನೆಯಿಂದಲೇ ಶತ್ರುವಿಗೆ ನೆರವು.

ಅದಕ್ಕಿಂತ ದೊಡ್ಡ ಬೆರಗು ಮುಂದಿತ್ತು. ಅದೇ ಕ್ಯಾನ್ಸರ್ ಕೋಶಗಳನ್ನು ಮಿದುಳಿನಿಂದ ಹೊರತೆಗೆದು ಬೆಳೆಸಿದರೆ, ಪಿಟೆನ್ ಮರಳಿ ಬಂತು! ಜೀನು ಮುರಿದೇ ಇರಲಿಲ್ಲ. ಮಿದುಳಿನಲ್ಲಿ ಇದ್ದಷ್ಟು ಕಾಲ ಅದನ್ನು ಅದುಮಿಡಲಾಗಿತ್ತು, ಅಷ್ಟೇ. ಹಾಗಾದರೆ ಕ್ಯಾನ್ಸರ್ ಕೋಶದ ಸ್ವಭಾವ ಅದರೊಳಗೆ ಬರೆದದ್ದಷ್ಟೇ ಅಲ್ಲ, ಅದು ತಂಗಿದ ಜಾಗವೂ ಅದನ್ನು ತಿದ್ದುತ್ತದೆ. ಕ್ಯಾನ್ಸರ್ ಮೊದಲು ಹುಟ್ಟಿದ ಜಾಗದ ಗಡ್ಡೆಯ ಚೂರನ್ನು ಪರೀಕ್ಷಿಸಿ ಮಿದುಳಿನ ಗಡ್ಡೆಯ ಗುಣ ಹೇಳಲು ಹೊರಟವರು ಈ ಮಾತನ್ನು ಮರೆಯುವಂತಿಲ್ಲ. ಯು ತಂಡದವರು ಇಲಿಗಳಲ್ಲಿ ಆಸ್ಟ್ರೋಸೈಟುಗಳು ಎಕ್ಸೋಸೋಮ್ ಬಿಡದಂತೆ ತಡೆದು ನೋಡಿದರು. ಪಿಟೆನ್ ಉಳಿಯಿತು, ಮಿದುಳಿನಲ್ಲಿ ಗಡ್ಡೆಗಳ ಬೆಳವಣಿಗೆಯೂ ತಗ್ಗಿತು.